ನಮ್ಮೂರ ಖೊಟ್ಟಿ ತಾಮ್ರಪಟ

ಊರಿನ ಗ್ರಂಥಾಲಯದ ಗೋಡೆಯ ಮೇಲೆ ಬರೆಸಲು ನಾಲ್ಕು ಸಾಲು ಬೇಕು ಎಂದು ಕೇಳಿದಾಗ, ಅದು ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳೆಲ್ಲ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಯ ಕಡೆಗೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಹೆಸರು ಬದಲಾದ ಮೇಲೆ ಗೋಡೆಗೂ ಹೊಸ ಬಣ್ಣ ಬಂತು. ಬಣ್ಣ ಬಂದ ಮೇಲೆ ಅದರ ಮೇಲೆ ಏನಾದರೂ ಬರೆಯಬೇಕಲ್ಲ! ಊರಿನ ಇತಿಹಾಸ ಬರೆಸೋಣ ಅಂತಾಯಿತು. ಕುರ್ತಕೋಟಿ ನನ್ನ ತವರು. ಧಾರವಾಡದಲ್ಲಿ ಓದಿದವಳು, ಆಗೀಗ ಪತ್ರಿಕೆಗೆ ಬರೆಯುವವಳು ಎಂಬ ಕಾರಣಕ್ಕೆ ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಹುಡುಗನೊಬ್ಬ ನನಗಿಂತ ಮೊದಲೇ ತಯಾರಾಗಿದ್ದ. ಫೋನು ಹಿಡಿದುಕೊಂಡು ಬಂದ.

“ಅಕ್ಕಾರ, ನಮ್ಮೂರಾಗ 610ನೇ ಇಸ್ವಿ ತಾಮ್ರಪಟ ಸಿಕ್ಕೈತಂತ್ರೀ. ಚಾಲುಕ್ಯ ವಿಕ್ರಮಾದಿತ್ಯಂದು. ಇದನ್ನ ಮೊದಲನೇ ಸಾಲ ಮಾಡೂಣ್ರಿ.”

ಯಾರೋ ಯಾರಿಗೋ ಕಳಿಸಿ, ಅವರು ಮತ್ಯಾರಿಗೋ ಕಳಿಸಿ, ಕೊನೆಗೆ ಅವನ ಕೈಗೆ ಬಂದ ಬರಹ ಅದು. ಬರೆದವರ ಹೆಸರಿಲ್ಲ. ಆದರೆ ತಾಮ್ರಪಟ ಸಿಕ್ಕದ್ದು ಸುಳ್ಳಲ್ಲ. ಅದರಲ್ಲಿ ಅಂಥ ತೇದಿ ಇರುವುದೂ ಸುಳ್ಳಲ್ಲ. ಒಂದೇ ಒಂದು ಮಾತು ಆ ಬರಹದಿಂದ ಉದುರಿಹೋಗಿತ್ತು: ಆ ತಾಮ್ರಪಟ ಖೊಟ್ಟಿ.

ನನಗೆ ಅದು ಗೊತ್ತಿದ್ದದ್ದು ಎಷ್ಟೋ ವರ್ಷಗಳ ಹಿಂದೆ ಒಂದು ಹಳೆಯ ಗ್ರಂಥಾಲಯದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಸಂಪುಟಗಳನ್ನು ಸುಮ್ಮನೆ ತಿರುವಿ ಹಾಕಿದ್ದರಿಂದ. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬೈಯಲ್ಲಿ ಶುರು ಮಾಡಿದ ಮಾಸಪತ್ರಿಕೆ ಅದು. ಮುಂಬೈ ಸರಕಾರದ ನೌಕರಿಯಲ್ಲಿದ್ದ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಭಾಗದ ಸಂಸ್ಕೃತ, ಹಳಗನ್ನಡ ಶಾಸನಗಳನ್ನು ಅದರಲ್ಲಿ ಒಂದಾದ ಮೇಲೊಂದು ಅಚ್ಚು ಹಾಕಿಸುತ್ತಿದ್ದ. 1878ರ ಏಳನೆಯ ಸಂಪುಟದಲ್ಲಿ ನಮ್ಮೂರಿನ ಹೆಸರು ಕಂಡಾಗ ಆದ ಖುಷಿ ಅದೇ ಪುಟದಲ್ಲಿ ಇಳಿದುಹೋಯಿತು. ಇದು ತಾನು ಹೇಳಿಕೊಳ್ಳುವ ಕಾಲದ್ದಲ್ಲ ಎಂದು ಫ್ಲೀಟನ ತೀರ್ಮಾನ. ಮುಂದೆ ಶಾಸನ ವಿದ್ವಾಂಸರ ಕೃತಕ ಶಾಸನಗಳ ಪಟ್ಟಿಯಲ್ಲಿ ಕುರ್ತಕೋಟಿಯ ಹೆಸರು ಕಾಯಂ ಆಯಿತು.

ಆ ತೀರ್ಮಾನಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ತಾಮ್ರಪಟದ ತೇದಿಯನ್ನು ನಮ್ಮ ಲೆಕ್ಕಕ್ಕೆ ತಂದರೆ ಕ್ರಿ.ಶ. 610ರ ಸುಮಾರಿಗೆ ಬರುತ್ತದೆ. ಹೆಸರು ಮಾತ್ರ ಒಂದನೆಯ ವಿಕ್ರಮಾದಿತ್ಯನದು. ಆದರೆ 610ರ ಹೊತ್ತಿಗೆ ವಿಕ್ರಮಾದಿತ್ಯನ ಅಪ್ಪ ಇಮ್ಮಡಿ ಪುಲಕೇಶಿಯೇ ಆಗಷ್ಟೇ ಪಟ್ಟಕ್ಕೆ ಬಂದಿದ್ದ. ಅವನು ಹರ್ಷವರ್ಧನನನ್ನು ತಡೆಯಬೇಕು, 642ರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿಯಬೇಕು, ಆಮೇಲೆ ಮಗ ಅದನ್ನು ಬಿಡಿಸಿಕೊಳ್ಳಬೇಕು. ವಿಕ್ರಮಾದಿತ್ಯ ಗಟ್ಟಿಯಾಗಿ ಪಟ್ಟದಲ್ಲಿ ಕೂತದ್ದು 655ರ ಸುಮಾರಿಗೆ. ಅಪ್ಪನ ಪಟ್ಟಾಭಿಷೇಕದ ಹೊತ್ತಿಗೆ ಮಗ ಭೂಮಿ ದಾನ ಮಾಡಲು ಬರುವುದಿಲ್ಲ. ಅದರ ಮೇಲೆ ಅಕ್ಷರದ ಸಾಕ್ಷಿ ಬೇರೆ. ಆ ಅಕ್ಷರಗಳ ರೂಪ ಬಾದಾಮಿ ಚಾಲುಕ್ಯರ ಕಾಲದ್ದಲ್ಲ, ಎಷ್ಟೋ ಈಚಿನದು. ಅಜ್ಜನ ಕಾಲದ ಪತ್ರ ಎಂದು ತಂದು ತೋರಿಸಿದವನ ಕಾಗದದಲ್ಲಿ ಬಾಲ್‌ಪೆನ್ನಿನ ಬರಹ ಕಂಡ ಹಾಗೆ.

ಇಷ್ಟನ್ನು ಆ ಹುಡುಗನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. “ಹಂಗಾರ ಅದನ್ನ ಬಿಟ್ಟಬಿಡೂದ್ರೀ?” ಅಂದ.

ಬಿಡುವುದೋ, ಇಟ್ಟುಕೊಳ್ಳುವುದೋ? ಈ ಬರಹ ಅವನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಆಕರವೊಂದು ಖರೆಯೋ ಖೊಟ್ಟಿಯೋ ಎಂದು ಕೇಳಿ, ಖೊಟ್ಟಿಯಾದರೆ ಎಸೆದುಬಿಡುವುದು ನಮಗೆ ರೂಢಿಯಾಗಿದೆ. ಆದರೆ ಆ ಪ್ರಶ್ನೆ ಅರ್ಧ ಪ್ರಶ್ನೆ. ಯಾವ ಮಾತಿಗೆ ಖರೆ, ಯಾವ ಮಾತಿಗೆ ಖೊಟ್ಟಿ ಎಂದು ಕೇಳಿದರೆ ಪೂರ್ತಿ ಆಗುತ್ತದೆ. ನಮ್ಮೂರ ತಾಮ್ರಪಟ ಏಳನೆಯ ಶತಮಾನಕ್ಕೆ ಸುಳ್ಳು ಸಾಕ್ಷಿ, ಅದರಲ್ಲಿ ಅನುಮಾನ ಬೇಡ. ಆದರೆ ಅದನ್ನು ಕೆತ್ತಿಸಿದ ಕಾಲಕ್ಕೆ? ತಾಮ್ರಪಟ ಅಂದರೆ ಇವತ್ತಿನ ಉತಾರ ಇದ್ದಂತೆ. ಯಾವ ನೆಲ, ಯಾರಿಗೆ, ಯಾರು ಕೊಟ್ಟದ್ದು, ಸೂರ್ಯಚಂದ್ರರಿರುವ ತನಕ ಅದನ್ನು ಯಾರೂ ಕಸಿಯಬಾರದು ಎಂಬ ಕರಾರು. ಅಂಥದ್ದನ್ನು ಖೊಟ್ಟಿ ಮಾಡುವ ಗರಜು ಯಾರಿಗೆ ಬೀಳುತ್ತದೆ? ನೆಲ ಕೈಯಲ್ಲಿದ್ದು ಕಾಗದ ಇಲ್ಲದವನಿಗೆ. ಇಲ್ಲವೆ ಕಾಗದ ಮಾಡಿಸಿ ನೆಲ ಹೊಡೆಯಬೇಕು ಎಂದಿರುವವನಿಗೆ. ಇಲ್ಲವೆ ಅಸಲಿ ಪತ್ರ ಬೆಂಕಿಗೋ ದಂಗೆಗೋ ಹೋಗಿ, ನೆನಪಿನಿಂದ ಮತ್ತೊಂದು ಮಾಡಿಸಿಕೊಂಡವನಿಗೆ. ಮೂರರಲ್ಲಿ ಯಾವುದೇ ಆಗಿರಲಿ, ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ನೆಲದ ಬಗ್ಗೆ ತಕರಾರು ಎದ್ದಿತ್ತು, ಆ ತಕರಾರನ್ನು ಬಗೆಹರಿಸಲು ಬರಹವೇ ಬೇಕಾಗಿತ್ತು ಎಂಬುದಕ್ಕೆ ಆ ಹಲಗೆಗಳೇ ಸಾಕ್ಷಿ. ಜೊತೆಗೆ, ಬಾದಾಮಿಯ ಅರಸರು ಹೋಗಿ ಎಷ್ಟೋ ಕಾಲವಾದ ಮೇಲೂ ಅವರ ಹೆಸರಿಗೆ ಬೆಲೆ ಇತ್ತು ಎಂಬುದಕ್ಕೂ. ಚಲಾವಣೆಯಲ್ಲಿ ಇಲ್ಲದ ನಾಣ್ಯವನ್ನು ಯಾರೂ ಖೊಟ್ಟಿ ಮಾಡುವುದಿಲ್ಲ.

ಇದರ ಪಕ್ಕದಲ್ಲಿ, ಯಾರೂ ಅನುಮಾನಿಸದ ಒಂದು ಶಾಸನ ಇಟ್ಟು ನೋಡಿ. 634ರ ಐಹೊಳೆಯ ಶಾಸನ. ಬರೆದವನು ಪುಲಕೇಶಿಯ ಆಶ್ರಯದ ರವಿಕೀರ್ತಿ. ಆಶ್ರಯ ಕೊಟ್ಟವನನ್ನು ಹೊಗಳುವುದೇ ಅವನ ಕೆಲಸವಾದ್ದರಿಂದ ಆ ಗೆಲುವುಗಳ ಪಟ್ಟಿಯನ್ನು ಓದುವಾಗ ಒಂದು ಹಿಡಿ ಉಪ್ಪು ಕೈಯಲ್ಲಿರಲಿ. ಆದರೆ ಅವನು ತನ್ನನ್ನೇ ಹೊಗಳಿಕೊಂಡ ಒಂದು ಕಡೆ, ತಾನು ಕಾಳಿದಾಸ ಭಾರವಿಯರಷ್ಟು ಕೀರ್ತಿ ಪಡೆದವನು ಅನ್ನುತ್ತಾನೆ. ಆ ಜಂಬದಿಂದಾಗಿ, 634ಕ್ಕೆ ಮೊದಲೇ ಆ ಇಬ್ಬರು ಕವಿಗಳು ನಮ್ಮ ಮಲಪ್ರಭೆಯ ದಂಡೆಯವರೆಗೆ ಹೆಸರಾಗಿದ್ದರು ಎಂದು ಸಂಸ್ಕೃತ ಸಾಹಿತ್ಯ ಚರಿತ್ರೆಗೆ ಗಟ್ಟಿ ಆಧಾರ ಸಿಕ್ಕಿತು. ರವಿಕೀರ್ತಿ ಹೇಳಬೇಕೆಂದು ಹೊರಟದ್ದಕ್ಕಿಂತ, ಹೇಳುತ್ತಿದ್ದೇನೆ ಎಂದು ಗೊತ್ತಿಲ್ಲದೆ ಹೇಳಿದ್ದು ಹೆಚ್ಚು ಬಾಳಿಕೆ ಬಂತು. ಖರೆ ಶಾಸನದಲ್ಲಿ ಅರೆಖರೆ ಮಾತು ಇರುವ ಹಾಗೆ ಖೊಟ್ಟಿ ಶಾಸನದಲ್ಲಿ ಖರೆ ಮಾತು ಇರಬಹುದು.

ಹಾಗಾದರೆ ಫ್ಲೀಟ್ ಹೇಳಿದ್ದೆಲ್ಲ ಕಲ್ಲಿನ ಗೆರೆಯೇ? ಅದೂ ಅಲ್ಲ. ತಲಕಾಡಿನ ಗಂಗರ ಆರಂಭದ ತಾಮ್ರಪಟಗಳನ್ನೆಲ್ಲ ಆತ ಒಂದೇ ಸಾಲಿಗೆ ಖೊಟ್ಟಿ ಎಂದು ತಳ್ಳಿಹಾಕಿದ. ಮೈಸೂರಿನಲ್ಲಿದ್ದ ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಇಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಪೆನುಕೊಂಡದ ತಾಮ್ರಪಟ ಸಿಕ್ಕಾಗ ಫ್ಲೀಟನೇ ಅದನ್ನು ಅಸಲಿ ಎಂದು ಒಪ್ಪಿಕೊಳ್ಳಬೇಕಾಯಿತು. ಹತ್ತು ಖೊಟ್ಟಿ ನೋಡಿದ ಕಣ್ಣಿಗೆ ಹನ್ನೊಂದನೆಯದೂ ಖೊಟ್ಟಿಯಾಗಿಯೇ ಕಾಣುತ್ತದೆ. ಅನುಮಾನವೂ ಒಂದು ಚಟವಾಗಬಹುದು. ನಂಬುವವನಷ್ಟೇ ಅನುಮಾನಿಸುವವನೂ ತನ್ನ ಆಧಾರವನ್ನು ಮೇಜಿನ ಮೇಲೆ ಇಡಬೇಕು. ಫ್ಲೀಟನ ದೊಡ್ಡತನ ಇರುವುದು ಅವನ ತೀರ್ಪುಗಳಲ್ಲಿ ಅಲ್ಲ. ಶಾಸನದ ಪಾಠವನ್ನು ಪೂರ್ತಿ ಅಚ್ಚು ಹಾಕಿಸಿ, ಮುಂದೆ ಯಾರಾದರೂ ತನ್ನನ್ನು ತಿದ್ದಲು ಬೇಕಾದ ಸಾಮಾನನ್ನೂ ಅದೇ ಪುಟದಲ್ಲಿ ಇಟ್ಟುಹೋದದ್ದರಲ್ಲಿ.

ಇದೇ ಫ್ಲೀಟನ ಇನ್ನೊಂದು ಕೆಲಸ ನನ್ನನ್ನು ಹೆಚ್ಚು ಕಾಡುತ್ತದೆ. ತಾಮ್ರದ ಮೇಲೆ ಕೆತ್ತಿದ್ದನ್ನೇ ನಂಬದಿದ್ದ ಮನುಷ್ಯ, ಅದೇ ಪತ್ರಿಕೆಯಲ್ಲಿ 1885ರಿಂದ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸತೊಡಗಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ, ಆದಾಯ ತೆರಿಗೆಯ ಮೇಲಿನ ಲಾವಣಿ, ಇವತ್ತು ಸಣ್ಣಾಟವಾಗಿ ಎಲ್ಲರಿಗೂ ಗೊತ್ತಿರುವ ಸಂಗ್ಯಾನ ಕತೆಯ ಲಾವಣಿ. ಬಾಯಿಯ ಮಾತು, ಹಾಡಿನ ಮಾತು. ತೇದಿ ಇಲ್ಲ, ಮುದ್ರೆ ಇಲ್ಲ, ಸಾಕ್ಷಿ ಸಹಿ ಇಲ್ಲ. ಆದರೂ ಸಂಗ್ರಹಿಸಿದ.

ಹಲಗಲಿಯದನ್ನೇ ತೆಗೆದುಕೊಳ್ಳಿ. 1857ರಲ್ಲಿ ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕು ಎಂದು ಸರಕಾರ ಹುಕುಂ ಹೊರಡಿಸಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸುವುದಿಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, ಹಲವರು ಸತ್ತರು, ಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಯಾವ ದಿನ ಯಾವ ದಂಡು ಎಲ್ಲಿಂದ ಹೊರಟಿತು ಎಂಬುದಕ್ಕೆ ಸರಕಾರಿ ಪತ್ರಗಳನ್ನು ನೋಡಬೇಕು. ಲಾವಣಿಯನ್ನು ಅದಕ್ಕೆ ಕೇಳುವುದು ತಪ್ಪು. ಆದರೆ ಆ ಪತ್ರಗಳಲ್ಲಿ ಬೇಡರು ದಂಗೆಕೋರರು, ಅಷ್ಟೇ. ಬೇಟೆಯನ್ನೇ ನಂಬಿದ ಮನುಷ್ಯನ ಕೈಯಿಂದ ಆಯುಧ ಕಿತ್ತುಕೊಂಡರೆ ಅವನಿಗೆ ಏನಾಗುತ್ತದೆ, ಅದು ಕಬ್ಬಿಣ ಹೋದದ್ದೋ ಮಾನ ಹೋದದ್ದೋ ಎಂದು ತಿಳಿಯಬೇಕಾದರೆ ಲಾವಣಿಯ ಬಾಗಿಲಿಗೇ ಹೋಗಬೇಕು. ಆಳುವವರು ಬರೆದಿಟ್ಟದ್ದು ಏನು ಮಾಡಿದೆವು ಎಂಬುದನ್ನು. ಆಳಿಸಿಕೊಂಡವರು ಹಾಡಿಟ್ಟದ್ದು ಏನಾಯಿತು ಎಂಬುದನ್ನು. ಎರಡೂ ಒಂದೇ ಘಟನೆಯ ಆಕರಗಳೇ, ಆದರೆ ಉತ್ತರ ಕೊಡುವ ಪ್ರಶ್ನೆಗಳು ಬೇರೆ.

ಇಲ್ಲಿ ಹಾಡಿನ ಪರ ವಕಾಲತ್ತು ಮಾಡಿ ಮುಗಿಸುವುದು ಸುಲಭ. ಜಾನಪದ ಎಂದರೆ ಕೈ ಮುಗಿಯುವುದು ನಮ್ಮಲ್ಲಿ ಒಂದು ಫ್ಯಾಶನ್ನೂ ಹೌದು. ಆದರೆ ಬಾಯಿಯ ಪರಂಪರೆಯನ್ನೂ ತೂಗಿ ನೋಡಬೇಕು. ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ. ನಾನು ಕಂಡ ಹೆಳವ ಬಸ್ಸಿನಿಂದ ಇಳಿದು ಬಂದಿದ್ದ. ಬೆಳಗಿನ ಜಾವ ಮನೆಯ ಮುಂದೆ ನಿಂತು, ಇಂಥ ಊರಿಂದ ಬಂದವರು, ಇಂಥ ದೇವರ ಒಕ್ಕಲು, ಇಂಥವನ ಮಗ ಇಂಥವ, ಅವನ ಮಕ್ಕಳು ನಾಲ್ವರು ಎಂದು ಏಳೆಂಟು ತಲೆಮಾರು ಒಂದೇ ಉಸಿರಿಗೆ ಎತ್ತಿ ಹೇಳಿದ. ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಚೋಪಡಿ. ಅವರ ಹಿರಿಯರ ಹತ್ತಿರ ತಾಮ್ರದ ಹಲಗೆಗಳೂ ಇದ್ದವಂತೆ. ನಮ್ಮ ಮನೆತನ ಯಾವುದೋ ಬರಗಾಲದಲ್ಲಿ ಹೊಳೆ ದಾಟಿ ಬಂದದ್ದು ಎಂಬ ಸಂಗತಿ ಯಾವ ಕಂದಾಯ ದಾಖಲೆಯಲ್ಲೂ ಇಲ್ಲ. ಅದು ಗೊತ್ತಿರುವುದು ಹೆಳವನಿಗೆ ಮಾತ್ರ. ಸರಕಾರಿ ದಾಖಲೆ ನೆಲವನ್ನು ಹಿಂಬಾಲಿಸುತ್ತದೆ. ನೆಲ ಕೂತಲ್ಲೇ ಕೂತಿರುತ್ತದೆ. ಹೆಳವ ಮನುಷ್ಯರನ್ನು ಹಿಂಬಾಲಿಸುತ್ತಾನೆ. ವಲಸೆಯ ಚರಿತ್ರೆಗೆ ಅವನಿಗಿಂತ ಒಳ್ಳೆಯ ಆಕರ ಸಿಗುವುದು ಕಷ್ಟ.

ಅವನು ಹೇಳಿ ಮುಗಿಸಿದ ಮೇಲೆ ನಾನು ಕೇಳಿದೆ: “ನಮ್ಮ ಅಣ್ಣನ ಹೆಸರ ಬಂತು, ತಮ್ಮನ ಹೆಸರ ಬಂತು. ನಂದು?”

ಹೆಳವ ನಕ್ಕ. “ಯವ್ವಾ, ಹೆಣ್ಣಮಕ್ಕಳ್ನ ಹೇಳೂದಿಲ್ಲ ನಾವು. ಕೊಟ್ಟ ಹೆಣ್ಣು ಕುಲಕ್ಕ ಹೊರಗ.”

“ನಮ್ಮ ಅಮ್ಮ, ಅಜ್ಜಿ? ಅವರು ಈ ಮನೀಗೆ ಬಂದವರಲ್ಲ?”

“ಅವರೂ ಇರೂದಿಲ್ರೀ. ಅವರು ಬ್ಯಾರೆ ಕುಲದಿಂದ ಬಂದವರು.”

ಅಂದರೆ ಹುಟ್ಟಿದ ಮನೆಯ ಚೋಪಡಿಯಲ್ಲೂ ಇಲ್ಲ, ಹೊಕ್ಕ ಮನೆಯ ಚೋಪಡಿಯಲ್ಲೂ ಇಲ್ಲ. ಏಳು ತಲೆಮಾರನ್ನು ಹೆತ್ತ ಏಳು ಜನರಲ್ಲಿ ಒಬ್ಬರ ಹೆಸರೂ ಇಲ್ಲದ ವಂಶಾವಳಿ ಅದು. ಹೆಳವ ಸುಳ್ಳು ಹೇಳಲಿಲ್ಲ. ಒಂದು ಹೆಸರನ್ನೂ ತಪ್ಪಾಗಿ ಹೇಳಲಿಲ್ಲ. ಖೊಟ್ಟಿ ತಾಮ್ರಪಟ ಇಲ್ಲದ್ದನ್ನು ಸೇರಿಸಿತು. ಖರೆ ಹೆಳವ ಇದ್ದದ್ದನ್ನು ಬಿಟ್ಟ. ಯಾವುದು ಹೆಚ್ಚಿನ ತಪ್ಪು ಎಂದು ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಸೇರಿಸಿದ್ದನ್ನು ಫ್ಲೀಟನಂಥ ಒಬ್ಬ ಹಿಡಿಯಬಹುದು. ಬಿಟ್ಟದ್ದನ್ನು ಹಿಡಿಯಬೇಕಾದರೆ ಬಿಟ್ಟುಹೋದವರೇ ಎದ್ದು ಕೇಳಬೇಕು.

ಅವನಿಗೆ ಅಪ್ಪ ಒಂದು ಚೀಲ ಜೋಳ ಕೊಟ್ಟರು. ಕೊಡುವ ಕೈ ಯಾರದ್ದೋ ಅವರ ಹೆಸರು ಹಾಡಿನಲ್ಲಿ ಬರುತ್ತದೆ. ರವಿಕೀರ್ತಿಗೆ ಪುಲಕೇಶಿ, ಹೆಳವನಿಗೆ ಕಣಜದ ಯಜಮಾನ. ಪತ್ರಿಕೆಗೆ, ಟಿವಿಗೆ ಈಗ ಯಾರು ಎಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಯಾವ ಆಕರವನ್ನೇ ಓದಿ, ಇದರ ಜೋಳ ಯಾರ ಮನೆಯಿಂದ ಬಂತು ಎಂದು ಒಂದು ಸಲ ಕೇಳಿಕೊಳ್ಳಿ.

ಇನ್ನು ನಮ್ಮ ಜಿಲ್ಲೆ ಹೆಮ್ಮೆಯಿಂದ ಹೇಳಿಕೊಳ್ಳುವ ಎರಡು ಮಾತುಗಳನ್ನು ಇದೇ ತಕ್ಕಡಿಯಲ್ಲಿ ಇಡುತ್ತೇನೆ. ಒಂದು, ಕಣಗಿನಹಾಳದ ಸಹಕಾರಿ ಸಂಘ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಈ ಸಂಘವನ್ನು ‘ಏಷ್ಯಾ ಖಂಡದಲ್ಲೇ ಮೊದಲನೆಯದು’ ಎಂದು ನಾವು ಭಾಷಣಗಳಲ್ಲಿ, ಫಲಕಗಳಲ್ಲಿ, ಪರೀಕ್ಷೆಯ ಗೈಡುಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಜಪಾನಿನಲ್ಲಿ ಸಹಕಾರಿ ಸಂಘಗಳ ಕಾನೂನು ಬಂದದ್ದು 1900ರಲ್ಲಿ. ತಮಿಳುನಾಡಿನ ತಿರೂರಿನವರು ತಮ್ಮ ಸಂಘ 1904ರದು ಅನ್ನುತ್ತಾರೆ. ಹಾಗಾದರೆ ಕಣಗಿನಹಾಳ ಸಣ್ಣದಾಯಿತೇ? ಸಾಲಗಾರನ ಬಾಗಿಲಲ್ಲಿ ನಿಂತು ಸಾಕಾದ ಎರಿ ಹೊಲದ ರೈತರು, ಕಾನೂನು ಬಂದ ಮರುವರ್ಷವೇ ತಮ್ಮ ದುಡ್ಡನ್ನು ತಾವೇ ಒಟ್ಟುಮಾಡಿಕೊಂಡರು ಎಂಬುದು ‘ಏಷ್ಯಾ’ ಎಂಬ ಪದಕ್ಕಿಂತ ದೊಡ್ಡ ಸಂಗತಿ. ‘ಮೊದಲು’ ಎಂಬುದರ ಮೇಲಿನ ನಮ್ಮ ಆಸೆ ಆ ರೈತರ ಕೆಲಸವನ್ನು ನೋಡಲು ಬಿಡುತ್ತಿಲ್ಲ.

ಎರಡನೆಯದು, ಗದುಗಿನ ವೀರನಾರಾಯಣ ದೇವಸ್ಥಾನದ ಕುಮಾರವ್ಯಾಸನ ಕಂಬ. ಕೋಳಿವಾಡದ ನಾರಣಪ್ಪ ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಈ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಮಾತ್ರ ಭಾರತ ಬರೆಯುತ್ತಿದ್ದ ಎಂಬ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕವಿಯ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತ ಇಲ್ಲದಿರುವಾಗ ಕಂಬದ ಬಗ್ಗೆ ಪುರಾವೆ ಎಲ್ಲಿಂದ ತರುವುದು? ಕವಿ ಹೇಗೆ ಬರೆದ ಎಂಬುದಕ್ಕೆ ಆ ಕಂಬ ಸಾಕ್ಷಿಯಲ್ಲ. ಆದರೆ ಓದುಗರು ಆ ಕಾವ್ಯವನ್ನು ಹೇಗೆ ಸ್ವೀಕರಿಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ. ಅಷ್ಟು ಧಾರಾಳವಾಗಿ ಹರಿಯುವ ಷಟ್ಪದಿಯನ್ನು ಕೇಳಿದ ಜನಕ್ಕೆ, ಇದು ಕೂತು ತಿದ್ದಿ ಬರೆದದ್ದಲ್ಲ, ಮೈಮೇಲೆ ಬಂದು ಬರೆದದ್ದು ಅನ್ನಿಸಿತು. ಒದ್ದೆ ಬಟ್ಟೆಯ ಕತೆ ಆ ಅನುಭವಕ್ಕೆ ಅವರು ಕೊಟ್ಟ ರೂಪ. ವಿಮರ್ಶೆಯ ಭಾಷೆ ಇಲ್ಲದವರು ಕತೆಯ ಭಾಷೆಯಲ್ಲಿ ಮಾಡಿದ ವಿಮರ್ಶೆ ಅದು. ಕಂಬದ ಮುಂದೆ ನಿಂತಾಗ ನಾನು ಈಗಲೂ ಕೈ ಮುಗಿಯುತ್ತೇನೆ. ಕವಿ ಅಲ್ಲಿ ಕೂತಿದ್ದನೋ ಇಲ್ಲವೋ, ಕೇಳಿದವರು ಮಾತ್ರ ತಲೆತಲಾಂತರ ಅಲ್ಲೇ ನಿಂತಿದ್ದರು.

ವಿಮರ್ಶೆ ಎಂದಾಗ ನಮ್ಮೂರಿನ ಹೆಸರನ್ನು ಕನ್ನಡದಲ್ಲೆಲ್ಲ ಹೊತ್ತು ತಿರುಗಿದ ಕೀರ್ತಿನಾಥ ಕುರ್ತಕೋಟಿಯವರ ನೆನಪಾಗದೆ ಇರದು. 1928ರಲ್ಲಿ ಹುಟ್ಟಿದ್ದು ಗದಗಿನಲ್ಲಿ, ಬಹುಕಾಲ ಇಂಗ್ಲಿಷ್ ಕಲಿಸಿದ್ದು ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ, ಬರೆದದ್ದೆಲ್ಲ ಕನ್ನಡದಲ್ಲಿ. ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ದಿಂದ ಹಿಡಿದು 1995ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಉರಿಯ ನಾಲಿಗೆ’ಯವರೆಗೆ ಅವರನ್ನು ಓದುವಾಗ ನನಗೆ ಕಲಿಯಬೇಕು ಅನ್ನಿಸಿದ್ದು ಒಂದೇ ಗುಣ. ಕೃತಿಯನ್ನು ಕಟಕಟೆಗೆ ನಿಲ್ಲಿಸುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂದು ಅವರು ಹುಡುಕುತ್ತಾರೆ. ಕಾವ್ಯಕ್ಕೆ ಸಲ್ಲುವ ಈ ಮರ್ಯಾದೆ ತಾಮ್ರಪಟಕ್ಕೂ, ಲಾವಣಿಗೂ, ಹೆಳವನ ಚೋಪಡಿಗೂ ಸಲ್ಲಬೇಕು.

ಗ್ರಂಥಾಲಯದ ಕೆಲಸ ಇಲ್ಲಿಗೇ ಬರುತ್ತದೆ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂಬುದು ಕನ್ನಡ ಪರಂಪರೆಯ ಪ್ರಸಿದ್ಧ ಮಾತು. ಸಾವಿರ ಎಂಬ ಸಂಖ್ಯೆಯನ್ನು ಎಣಿಸಿದವರು ಯಾರೂ ಇಲ್ಲ. ಆದರೆ ಒಂದು ಸಂಗತಿ ಎದುರಿಗಿದೆ: ಪೊನ್ನನ ಶಾಂತಿಪುರಾಣ ಇವತ್ತಿಗೂ ನಮ್ಮ ಕೈಯಲ್ಲಿದೆ, ಅದೇ ಪೊನ್ನನ ಭುವನೈಕ ರಾಮಾಭ್ಯುದಯ ಸಿಕ್ಕಿಲ್ಲ. ಗ್ರಂಥ ಉಳಿಯುವುದು ಅದರ ಯೋಗ್ಯತೆಯಿಂದ ಮಾತ್ರ ಅಲ್ಲ. ಯಾರಾದರೂ ಪ್ರತಿ ಮಾಡಿಸಬೇಕು, ಯಾರಾದರೂ ಕಾಯಬೇಕು. ನಮಗೆ ಸಿಕ್ಕ ಆಕರಗಳನ್ನು ತೂಗುವಾಗ ಸಿಗದೆ ಹೋದವುಗಳ ತೂಕವನ್ನೂ ನೆನಪಿನಲ್ಲಿ ಇಡಬೇಕು.

ಕಾಯುವುದರ ಜೊತೆಗೆ ದಾರಿ ತೋರಿಸುವುದೂ ಗ್ರಂಥಾಲಯದ ಕೆಲಸವೇ. ಆ ಹುಡುಗ ಫೋನಿನಲ್ಲಿ ‘ಗದಗ ಜಿಲ್ಲೆಯ ಶಾಸನಗಳು’ ಎಂದು ಹುಡುಕುತ್ತಿದ್ದ. ಗದಗ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಮ್ಮೂರು ಇರುವುದು ಧಾರವಾಡ ಜಿಲ್ಲೆಯಲ್ಲಿ. ಎಂ.ಎಂ. ಕಲಬುರ್ಗಿಯವರ ‘ಧಾರವಾಡ ಜಿಲ್ಲೆಯ ಶಾಸನ ಸೂಚಿ’ಯಂಥ ಪುಸ್ತಕ ಒಂದು ಕಪಾಟಿನಲ್ಲಿ ಇದ್ದರೆ, ಯಾವ ಊರಿನ ಶಾಸನ ಎಲ್ಲಿ ಅಚ್ಚಾಗಿದೆ ಎಂದು ತಿಳಿಯಲು ಹಾದಿ ಸಿಗುತ್ತದೆ. ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಪುಟಗಳು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಂದರೆ ಆ ಹುಡುಗನ ಕೈಯಲ್ಲಿದ್ದ ಅದೇ ಫೋನಿನಲ್ಲಿ, ಯಾರೋ ಕಳಿಸಿದ ಬರಹಕ್ಕಿಂತ ನಾಲ್ಕು ಹೆಜ್ಜೆ ಆಚೆ, ಫ್ಲೀಟನ ಮೂಲ ಪುಟವೂ ಇತ್ತು. ನಡುವೆ ಇದ್ದದ್ದು ಭಾಷೆಯ ಗೋಡೆ, ಮತ್ತು ಹಾದಿ ಗೊತ್ತಿರುವ ಒಬ್ಬ ಮನುಷ್ಯನ ಕೊರತೆ. ಮಾಹಿತಿಗೆ ಬರ ಬಂದಿಲ್ಲ, ಹಾದಿ ತೋರಿಸುವವರಿಗೆ ಬಂದಿದೆ.

ಇದೆಲ್ಲ ಪಂಡಿತರ ಹವ್ಯಾಸ, ಇದರಿಂದ ಯಾರಿಗೇನು ಎಂದು ಕೇಳುವವರೂ ಇದ್ದಾರೆ. ಹಳೆಯ ಆಕರಗಳನ್ನು ಓದಿ ಬರೆದದ್ದಕ್ಕೆ ಕಲಬುರ್ಗಿಯವರು ಬದುಕಿನುದ್ದಕ್ಕೂ ವಿರೋಧ ಎದುರಿಸಿದರು. ‘ಮಾರ್ಗ’ದ ಒಂದು ಬರಹಕ್ಕಾಗಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾದ ಒತ್ತಡಕ್ಕೆ ಸಿಕ್ಕಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ನಮ್ಮ ನೆಲದಲ್ಲಿ ಊರಿನ ಹೆಮ್ಮೆ, ಕುಲದ ಹೆಮ್ಮೆ, ಮತದ ಹೆಮ್ಮೆ ಎಲ್ಲವೂ ಯಾವುದೋ ಒಂದು ಆಕರದ ಮೇಲೆ ಕೂತಿರುತ್ತವೆ. ಆ ಆಕರವನ್ನು ಮುಟ್ಟಿ ನೋಡುವುದು ಎಂದೂ ಬರೀ ಹವ್ಯಾಸವಾಗಿರಲಿಲ್ಲ.

ಗೋಡೆಯ ಬರಹದ ಕರಡನ್ನು ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರಿಗೆ ಸಿಟ್ಟೇ ಬಂತು.

“ತಂಗೀ, ಖೊಟ್ಟಿ ಅಂತ ಗ್ವಾಡಿ ಮ್ಯಾಲ ಬರಸ್ತೀಯೇನು? ನಮ್ಮೂರಿನ ಮರ್ಯಾದಿ ನಾವ ಕಳಕೊಂಡಂಗ ಆಗೂದಿಲ್ಲೇನು? ಬರೀಲಿಲ್ಲಂದ್ರ ಯಾರಿಗೆ ಗೊತ್ತಾಗ್ತದ?”

“ಕಾಕಾ, ಲೋಕಕ್ಕೆಲ್ಲ ಗೊತ್ತಾಗಿ ನೂರಾ ನಲವತ್ತು ವರ್ಷದ ಮ್ಯಾಲಾತು. ಗೊತ್ತಿಲ್ಲದ್ದು ನಮಗಷ್ಟ,” ಅಂದೆ.

ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, ತಮ್ಮ ಅಜ್ಜನ ಕಾಲದಲ್ಲಿ ಒಂದು ಹೊಲದ ತಕರಾರಿನಲ್ಲಿ ಎದುರಿನವರು ಇಲ್ಲದ ಕಾಗದ ಹುಟ್ಟಿಸಿ ತಂದ ಕತೆಯನ್ನು ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ನಗೆ ಬಂತು. “ಅಂದ್ರ ಆಗಿಂದನೂ ಹಿಂಗನ ಅನ್ನು!” ಅಂದರು. ಒಪ್ಪಿದರು ಎಂದು ಹೇಳಲಾರೆ. ಬೇಡ ಎಂದೂ ಅನ್ನಲಿಲ್ಲ.

ಕೊನೆಗೆ ನಾನು ಬರೆದುಕೊಟ್ಟ ಸಾಲುಗಳು ಇವು: “ಈ ಊರಿನಲ್ಲಿ ಒಂದು ತಾಮ್ರಪಟ ಸಿಕ್ಕಿತು. ಅದು ತನ್ನನ್ನು ಬಾದಾಮಿ ಚಾಲುಕ್ಯರ ಕಾಲದ್ದು ಎಂದು ಹೇಳಿಕೊಳ್ಳುತ್ತದೆ. ಅದು ಆ ಕಾಲದ್ದಲ್ಲ ಎಂದು 1878ರಲ್ಲಿ ವಿದ್ವಾಂಸರು ತೋರಿಸಿದರು. ಹೇಗೆ ತೋರಿಸಿದರು ಎಂದು ತಿಳಿಯಬೇಕಾದರೆ ಒಳಗೆ ಬನ್ನಿ.”

ಒಳಗೆ ಬಂದವರಿಗೆ ಕೊಡಲು ಫ್ಲೀಟನ ಆ ಪುಟಗಳ ಪ್ರತಿ ತೆಗೆಸಿ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಅದರ ಕನ್ನಡ ಸಾರಾಂಶವನ್ನು ಆ ಹುಡುಗನೇ ನನ್ನ ಜೊತೆ ಕೂತು ಬರೆದ. ಬರೆದು ಮುಗಿದ ಮೇಲೆ ಒಂದು ಹೊಸ ನೋಟುಬುಕ್ಕು ತಂದು ಮೇಜಿನ ಮೇಲಿಟ್ಟು, “ಇದರಾಗ ಏನ ಬರಿಯೂಣ್ರಿ ಅಕ್ಕಾರ?” ಅಂದ.

ಊರಿನ ಪ್ರತಿ ಮನೆಯ ಅಜ್ಜಿಯರ ಹೆಸರು ಬರೆಯೋಣ ಅಂದೆ. ಅವರ ತವರು ಯಾವುದು, ಅವರ ಅವ್ವನ ಹೆಸರೇನು, ಅವರಿಗೆ ಬರುವ ಹಾಡು ಯಾವುದು. ಹೇಳಿದ್ದು ಯಾರು, ಬರೆದುಕೊಂಡದ್ದು ಯಾರು, ಯಾವತ್ತು ಎಂಬುದನ್ನೂ ಪ್ರತಿ ಪುಟದ ಕೆಳಗೆ ಬರೆಯಬೇಕು ಎಂದು ಕರಾರು ಹಾಕಿದೆ. ಮೊದಲ ಪುಟಕ್ಕೆ ನಮ್ಮ ಅಜ್ಜಿಯ ಹೆಸರು ಬರೆದು, ಕೆಳಗೆ ನನ್ನ ಸಹಿ ಹಾಕಿ ತೇದಿ ಬರೆದೆ. ಅಜ್ಜಿಯ ಅವ್ವನ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ.